ಸುಕ್ಕಿಲ್ಲದ ಮೂಲೆ

ಪೇಟೆಂಟಿನ ಕಾಗದದಲ್ಲಿ ಇದ್ದದ್ದು ಎರಡು ಹೆಸರು. ಒಂದು ಧಣಿಯ ತಮ್ಮನದು. ಅವನು ತಿಂಗಳಿಗೆರಡು ಸಲ ಕಾರ್ಖಾನೆಗೆ ಬಂದು, ಮೂಗಿಗೆ ಕರ್ಚೀಫು ಹಿಡಿದುಕೊಂಡು ಒಂದು ಸುತ್ತು ಹಾಕಿ ಹೋಗುವವನು. ಇನ್ನೊಂದು ಇಂಜಿನಿಯರನದು. ಅವನು ಕೆಟ್ಟವನೇನಲ್ಲ, ಆದರೆ ಬಿಸಿ ಹಾಳೆಯನ್ನು ಒಂದು ದಿನವೂ ಕೈಯಲ್ಲಿ ಮುಟ್ಟಿದವನಲ್ಲ. ಕೆಲಸ ಮಾಡಿದವನ ಹೆಸರು ಮಾತ್ರ ಇರಲಿಲ್ಲ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅಚ್ಚಿನ ಮುಂದೆ ನಿಂತು ಅವನ ಮುಂಗೈಗಳ ಕೂದಲು ಸುಟ್ಟು, ಮತ್ತೆ ಹುಟ್ಟುವ ಆಸೆಯನ್ನೇ ಬಿಟ್ಟಿತ್ತು.

ಕಾರ್ಖಾನೆಯಲ್ಲಿ ಮಾಡುತ್ತಿದ್ದುದು ರೇಡಿಯೋ ಗೋಪುರಗಳ ಮೇಲೆ ಕೂರುವ ಪೆಟ್ಟಿಗೆಗಳ ಮುಚ್ಚಳ. ಪೇಟೆಯ ಫೋನುಗಳೆಲ್ಲ ಒಂದಕ್ಕೊಂದು ಮಾತಾಡುವುದು ಆ ಪೆಟ್ಟಿಗೆಗಳ ಮೂಲಕ. ತಗಡಿನ ಮುಚ್ಚಳ ಹಾಕಿದರೆ ಅಲೆಗಳು ಒಳಗೇ ಉಳಿಯುತ್ತವೆ. ಅದಕ್ಕೇ ಗಾಜಿನ ನೂಲಿನ ಬಟ್ಟೆಯನ್ನು ಪ್ಲಾಸ್ಟಿಕ್ಕಿನೊಳಗೆ ಬೆಸೆದ ಹಾಳೆ ತರಿಸಿ, ಮೆತ್ತಗಾಗುವವರೆಗೆ ಒಲೆಯಲ್ಲಿ ಕಾಯಿಸಿ, ಅಚ್ಚಿನ ಮೇಲೆ ಹಾಸಿ ಒತ್ತುತ್ತಾರೆ. ಹಾಳೆಯ ಅಂಚನ್ನು ಸುತ್ತಲೂ ಒಂದು ಕಬ್ಬಿಣದ ಚೌಕಟ್ಟು ಕಚ್ಚಿ ಹಿಡಿದಿರುತ್ತದೆ. ಇಷ್ಟೇ ಕೆಲಸ. ಆದರೆ ಬಿಗಿ ಹಿಡಿದರೆ ಹಾಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಮೂಲೆಯಲ್ಲಿ ಸುಕ್ಕು ಬೀಳುತ್ತದೆ. ಸುಕ್ಕಿನಲ್ಲಿ ನೀರು ನಿಂತು, ಬಿಸಿಲಿಗೆ ಬಿರುಕು ಬಿಟ್ಟು, ಒಂದು ವರ್ಷದೊಳಗೆ ಮುಚ್ಚಳ ಬಾಯಿ ತೆರೆಯುತ್ತದೆ. ಹತ್ತಕ್ಕೆ ನಾಲ್ಕು ಗುಜರಿಗೆ ಹೋಗುತ್ತಿದ್ದವು. ಇಂಜಿನಿಯರು ಒಲೆಯ ಶಾಖ ಏರಿಸಿ ನೋಡಿದ, ಇಳಿಸಿ ನೋಡಿದ, ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೆಗೆದು ನೋಡಿದ. ಸುಕ್ಕು ಮಾತ್ರ ಅಲ್ಲಾಡಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮೇಸ್ತ್ರಿಗೆ ರೇಗಿತು. ಯಾರನ್ನೂ ಕೇಳದೆ ಆ ಚೌಕಟ್ಟನ್ನು ಗರಗಸದಲ್ಲಿ ಎಂಟು ತುಂಡು ಮಾಡಿದ. ಒಂದೊಂದು ತುಂಡಿಗೂ ಗುಜರಿ ಸ್ಕೂಟರಿನ ಸೀಟುಗಳಿಂದ ಕಿತ್ತ ಸ್ಪ್ರಿಂಗು ಕಟ್ಟಿದ. ನೇರ ಅಂಚಿಗೆ ಮೆತ್ತನೆಯದು, ಮೂಲೆಗೆ ಗಟ್ಟಿಯದು. ಯಂತ್ರ ಕೆಳಗಿಳಿದಂತೆ ಹಾಳೆ ಬೇಕಾದ ಕಡೆ ಒಳಗೆ ಜಾರಿತು, ಬೇಡದ ಕಡೆ ಬಿಗಿದು ನಿಂತಿತು. ಮೂಲೆ ಮೊಟ್ಟೆಯ ಚಿಪ್ಪಿನಂತೆ ನುಣ್ಣಗೆ ಬಂತು. ಮೇಸ್ತ್ರಿ ಅದನ್ನು ಹೆಬ್ಬೆರಳಿನಿಂದ ಸವರಿದ, ತಿರುಗಿಸಿ ಮತ್ತೆ ಸವರಿದ. ಯಾರಿಗಾದರೂ ತೋರಿಸದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಶನಿವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಇದ್ದದ್ದು ಅವನು ಮತ್ತು ಕಾವಲಿನವನು. ಕಾವಲಿನವನು ನೋಡಿ, "ಚೆನ್ನಾಗಿದೆ, ಬೀಗ ಹಾಕ್ಲಾ?" ಅಂದ.

ಹಾಗಾಗಿ ಮರುದಿನ ಬೆಳಿಗ್ಗೆ ಸ್ಪ್ರಿಂಗುಗಳನ್ನು ಚೀಲಕ್ಕೆ ತುಂಬಿಕೊಂಡು ಅವನು ಹೋದದ್ದು ಅಕ್ಕನ ಮನೆಗೆ. ಅಕ್ಕನ ಗಂಡ, ಅಂದರೆ ಭಾವ, ಪೇಟೆಯ ಇನ್ನೊಂದು ತುದಿಯಲ್ಲಿದ್ದ ಆ ಮನೆಯ ಹಿಂದೆಯೇ ಒಂದು ಶೆಡ್ಡು, ಒಂದು ಮುದಿ ಯಂತ್ರ, ಐದು ಜನರನ್ನಿಟ್ಟುಕೊಂಡು ಇಂಥವೇ ಸಣ್ಣ ಮುಚ್ಚಳ ಒತ್ತುತ್ತಿದ್ದ. ಆ ವಾರ ಅವನ ಒಂದು ಲಾರಿ ಮಾಲು ಸುಕ್ಕಿನ ಕಾರಣಕ್ಕೆ ವಾಪಸು ಬಂದಿತ್ತು. ಮೇಸ್ತ್ರಿ ಅಂಗಿ ಬಿಚ್ಚಿ ಕೆಲಸಕ್ಕಿಳಿದ. ಮಧ್ಯಾಹ್ನದೊಳಗೆ ಮೂಲೆ ನುಣ್ಣಗಾಯಿತು. ಭಾವ, ಐದು ಕೆಲಸಗಾರರು, ಹಾಳೆ ತಂದಿದ್ದ ಲಾರಿಯವನು, ಎಲ್ಲರೂ ಸುತ್ತ ನಿಂತು ನೋಡಿದರು. ಅಕ್ಕ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು. ಸೋಮವಾರ ಕಾರ್ಖಾನೆಯಲ್ಲಿ ಮತ್ತೆ ಕಟ್ಟಿದ್ದನ್ನು ಇಂಜಿನಿಯರು ನೋಡಿದ. ಅಳತೆ ತೆಗೆದುಕೊಂಡ, ಫೋಟೋ ತೆಗೆದುಕೊಂಡ, ಮೇಸ್ತ್ರಿಯ ಬೆನ್ನು ತಟ್ಟಿದ. ಐದು ತಿಂಗಳ ಮೇಲೆ ಪೇಟೆಂಟಿಗೆ ಅರ್ಜಿ ಹೋಯಿತು. ಬೆನ್ನು ತಟ್ಟಿಸಿಕೊಂಡವನಿಗೆ ಯಾರೂ ಹೇಳಲಿಲ್ಲ.

ಪೇಟೆಂಟು ಬಂದ ದಿನ ಎಲ್ಲರಿಗೂ ಸಿಹಿ ಹಂಚಿದರು. ಮೇಸ್ತ್ರಿಯೂ ತಿಂದ. ಗೋಡೆಗೆ ಹಾಕಿದ ಕಾಗದವನ್ನು ಸಂಜೆ ಓದಿದ ಮೇಲೆ, ತಿಂದದ್ದನ್ನು ಬೆರಳು ಹಾಕಿ ಕಕ್ಕಬೇಕು ಅನ್ನಿಸಿತು.

ಭಾವನಾದರೂ ಸುಮ್ಮನಿದ್ದನೇ? ಅವನ ಬಾಯಿಗೆ ಎಂದೂ ಚೌಕಟ್ಟು ಇರಲಿಲ್ಲ. ಗಿರಾಕಿಗಳ ಮುಂದೆಲ್ಲ, "ಇದು ನನ್ನ ತಲೇಲಿ ಹೊಳೆದದ್ದು, ಸ್ವಾಮಿ," ಎಂದು ಎದೆ ಉಬ್ಬಿಸುತ್ತಿದ್ದ. ಒಮ್ಮೆ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಮೇಸ್ತ್ರಿಯ ಎದುರಿಗೇ ಹಾಗಂದ.

"ನಿಮ್ಮ ತಲೇಲಾ?" ಮೇಸ್ತ್ರಿ ತುತ್ತು ಕೆಳಗಿಟ್ಟ.

"ನೀನು ನಾಲ್ಕು ಸ್ಪ್ರಿಂಗು ತಂದೆಯಪ್ಪ, ಇಲ್ಲ ಅನ್ನಲ್ಲ. ಅದನ್ನ ದಾರಿಗೆ ತಂದೋನು ನಾನು. ನಿನ್ನದೇ ಆಗಿದ್ರೆ ಆ ಕಾಗದದಲ್ಲಿ ನಿನ್ನ ಹೆಸರು ಯಾಕಿಲ್ಲ ಭಾವಮೈದ?"

ಊಟಕ್ಕೆ ಕೂತವರು ನಕ್ಕರು. ಅಕ್ಕ ನಗಲಿಲ್ಲ. "ತಿನ್ನೋ ಹೊತ್ತಲ್ಲಿ ಇಬ್ಬರೂ ಬಾಯಿ ಮುಚ್ಚಿ," ಅಂದಳು. ಮೇಸ್ತ್ರಿ ಕೈ ತೊಳೆದು ಹೊರಟೇಬಿಟ್ಟ. ಅಂದಿನಿಂದ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಬಾಯಿಬಡಾಯಿ ಸುಮ್ಮನೆ ಹೋಗುವುದಿಲ್ಲ, ಅದು ಧಣಿಯ ಕಿವಿಗೂ ಬಿತ್ತು. ನಮ್ಮ ಪೇಟೆಂಟನ್ನು ಕದ್ದಿದ್ದಾನೆಂದು ಕಾರ್ಖಾನೆ ಭಾವನ ಮೇಲೆ ದಾವೆ ಹೂಡಿತು. ಭಾವನ ವಕೀಲರು ಒಂದೇ ಮಾತು ಹಿಡಿದರು: ಅರ್ಜಿ ಹಾಕುವುದಕ್ಕೆ ಐದು ತಿಂಗಳ ಮುಂಚೆಯೇ ಈ ಕೆಲಸ ನಮ್ಮ ಶೆಡ್ಡಿನಲ್ಲಿ ಏಳೆಂಟು ಜನರ ಕಣ್ಣೆದುರು ನಡೆದಿದೆ, ಎಲ್ಲರೂ ನೋಡಿದ್ದಕ್ಕೆ ಪೇಟೆಂಟು ಕೊಡುವ ಹಾಗಿಲ್ಲ. ಕಾನೂನು ಇರುವುದೂ ಹಾಗೆಯೇ. ಆ ಭಾನುವಾರ ರುಜುವಾತಾದರೆ ಪೇಟೆಂಟು ಬಿದ್ದುಹೋಗುತ್ತದೆ, ಶೆಡ್ಡು ಉಳಿಯುತ್ತದೆ. ಆದರೆ ನೋಡಿದವರೆಲ್ಲ ಭಾವನ ಹೆಂಡತಿ, ಇಲ್ಲವೇ ಅವನ ಸಂಬಳ ತಿನ್ನುವವರು; ಅವರ ಸಾಕ್ಷಿಗೆ ತೂಕವಿಲ್ಲ. ಲಾರಿಯವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಉಳಿದವನು ಮೇಸ್ತ್ರಿ.

ಧಣಿಯ ತಮ್ಮ ಮೊದಲ ಸಲ ಅವನನ್ನು ತಣ್ಣನೆಯ ಕೋಣೆಗೆ ಕರೆಸಿ ಕುರ್ಚಿ ತೋರಿಸಿದ. ಮೇಸ್ತ್ರಿ ಪ್ಯಾಂಟಿನ ಹಿಂಭಾಗ ಒರೆಸಿಕೊಂಡು ಕೂತ. ಪಕ್ಕದಲ್ಲಿ ಕಾರ್ಖಾನೆಯ ವಕೀಲನಿದ್ದ.

"ಪೇಟೆಂಟಲ್ಲಿ ಒಂದು ಹೆಸರು ಬಿಟ್ಟುಹೋಗಿದೆ," ಅಂದ ಧಣಿಯ ತಮ್ಮ. "ತಪ್ಪು ನಮ್ಮದೇ."

"ಎರಡು ವರ್ಷ ಆದ್ಮೇಲೆ ಕಾಣಿಸ್ತಾ ಸ್ವಾಮಿ?"

ವಕೀಲ ನಕ್ಕು ಒಂದು ಕಾಗದ ಮುಂದೆ ತಳ್ಳಿದ. ಅದರಲ್ಲಿದ್ದದ್ದು ಇಷ್ಟು: ಇದನ್ನು ನಾನು, ನನ್ನ ಸ್ವಂತ ಬುದ್ಧಿಯಿಂದ, ಕಾರ್ಖಾನೆಯೊಳಗೆ ಕಂಡುಹಿಡಿದೆ. ಅರ್ಜಿಗೆ ಮುಂಚೆ ಹೊರಗಿನ ಯಾರಿಗೂ ತೋರಿಸಿಲ್ಲ. ಇಷ್ಟು ಪ್ರಮಾಣ ಮಾಡಿ ಹೇಳಿದರೆ ಸಾಕು. ಅವನ ಹೆಸರು ಸೇರುತ್ತದೆ, ಅದೂ ಮೊದಲನೆಯದಾಗಿ.

"ಭಾನುವಾರದ ವಿಷಯ?" ಮೇಸ್ತ್ರಿ ಕೇಳಿದ.

"ಯಾವ ಭಾನುವಾರ?" ಅಂದ ವಕೀಲ.

ನಾಲ್ಕು ದಿನ ಮೇಸ್ತ್ರಿ ಮನೆಯಲ್ಲಿ ಕಂಡಕಂಡವರ ಮೇಲೆ ಹರಿಹಾಯ್ದ. ನೀರು ಬಿಸಿಯಾಯಿತೆಂದು ಬೈದ, ಆರಿತೆಂದು ಬೈದ. "ನಿಮ್ಮಕ್ಕನ ಮನೆ ಅದು," ಅಂದಳು ಹೆಂಡತಿ. "ಅಲ್ಲ, ಆ ಬಾಯಿಬಡುಕನ ಮನೆ," ಅಂದ. ಐದನೆಯ ದಿನ ಸಹಿ ಹಾಕಿದ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಭಾವನ ವಕೀಲರು ಎದ್ದು ನಿಂತರು. ಬಡಕಲು ದೇಹದ, ತಾಳ್ಮೆಯ ಮುದುಕರು. "ಆ ಭಾನುವಾರ ನೀವು ನಿಮ್ಮ ಭಾವನ ಶೆಡ್ಡಿಗೆ ಹೋಗಿದ್ರಾ?"

"ಅಕ್ಕನ ಮನೆಗೆ ಊಟಕ್ಕೆ ಹೋಗಿರಬಹುದು."

"ಸ್ಪ್ರಿಂಗು ಕಟ್ಟಿ ತೋರಿಸಿದ್ರಾ?"

ಹಿಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು. ಮೇಸ್ತ್ರಿ ಅವಳನ್ನು ನೋಡಲಿಲ್ಲ. ಭಾವನನ್ನು ನೋಡಿದ. ಭಾವನ ಮುಖ ಊಟಕ್ಕೆ ಕೂತ ದಿನ ಇದ್ದ ಹಾಗಿರಲಿಲ್ಲ. ಈ ಮುಖವನ್ನು ನೋಡಿಯೂ ಅವನಿಗೆ ಆ ದಿನದ ನಗುವೇ ಕೇಳಿಸಿತು.

"ಇಲ್ಲ," ಅಂದ.

ತೀರ್ಪು ಬರಲು ಏಳು ವಾರ ಹಿಡಿಯಿತು. ಭಾವ ಸೋತ. ಅಂಥ ಚೌಕಟ್ಟನ್ನು ಇನ್ನು ಬಳಸುವಂತಿಲ್ಲ. ಸುಕ್ಕಿನ ಮುಚ್ಚಳವನ್ನು ಯಾರೂ ಕೊಳ್ಳುವುದಿಲ್ಲ. ಮುದಿ ಯಂತ್ರವನ್ನು ಕ್ರೇನಿಗೆ ಸಿಕ್ಕಿಸಿ ಎತ್ತಿಕೊಂಡು ಹೋದರು. ಐದು ಜನ ಐದು ದಿಕ್ಕಿಗೆ ಹೋದರು. ಭಾವ ಯಾರದೋ ಗೋದಾಮಿನ ಬಾಗಿಲಲ್ಲಿ ಬಂದು ಹೋಗುವ ಗಾಡಿಗಳ ನಂಬರು ಬರೆಯುವ ಕೆಲಸಕ್ಕೆ ಸೇರಿದ. ಇತ್ತ ಮೇಸ್ತ್ರಿಯ ಮನೆಯ ಗೋಡೆಗೆ ಗಾಜಿನ ಚೌಕಟ್ಟಿನಲ್ಲಿ ಕಾಗದ ಬಂತು. ಮೂರು ಹೆಸರು, ಮೊದಲು ಅವನದು. ಅಂಚಿನ ಚಿನ್ನದ ಬಣ್ಣ ಆಗಲೇ ಉದುರುತ್ತಿತ್ತು.

ಅಕ್ಕ ಬಂದದ್ದು ಒಂದು ಮಧ್ಯಾಹ್ನ. ಹೇಳದೆ ಕೇಳದೆ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತಳು. ಗೋಡೆಯ ಮೇಲಿನದನ್ನು ನೋಡಿ, "ಇದೇನಾ?" ಅಂದಳು. "ಸೊಟ್ಟ ಆಗಿದೆ, ಎಡಗಡೆ ಸ್ವಲ್ಪ ಎತ್ತು."

ಮೇಸ್ತ್ರಿ ಎತ್ತಲಿಲ್ಲ. "ಜಗಳಕ್ಕೆ ಬಂದಿದ್ರೆ ಶುರು ಮಾಡು."

"ಜಗಳ ಆಡೋಕೆ ನನಗೆ ಮೈಯಲ್ಲಿ ಶಕ್ತಿ ಇಲ್ಲ ಕಣೋ." ಕೈಚೀಲದಿಂದ ಒಂದು ಹಳೆಯ ಫೋನು ತೆಗೆದಳು. ಗಾಜು ಸೀಳಿತ್ತು. ಒಂದಷ್ಟು ಒತ್ತಿ, ಅವನ ಕೈಗೆ ಕೊಟ್ಟಳು.

ವಿಡಿಯೋ. ಭಾವನ ಶೆಡ್ಡು. ಅಂಗಿಯಿಲ್ಲದ ಮೇಸ್ತ್ರಿ, ಬೆನ್ನ ಮೇಲೆ ಬೆವರು, ಕೈಯಲ್ಲಿ ಹೊಗೆಯಾಡುವ ಮುಚ್ಚಳ. ಸುತ್ತ ಐದು ಜನ, ಪಕ್ಕದಲ್ಲಿ ಬಾಯಿಬಿಟ್ಟು ನಿಂತ ಭಾವ. ಕೆಳಗೆ ತಾರೀಖು ಇತ್ತು. ಮೇಸ್ತ್ರಿ ಮುಚ್ಚಳವನ್ನು ನೇರ ಕ್ಯಾಮೆರಾ ಮುಂದೆ ಹಿಡಿದು ನಗುತ್ತಿದ್ದ. ಅವನದೇ ದನಿ ಕೇಳಿಸಿತು: "ನೋಡಕ್ಕ. ಚಿಕ್ಕೋರಿದ್ದಾಗ ಒದ್ದೆ ದುಪ್ಪಟಿ ಹಿಂಡಿ ಮಡಚೋವಾಗ ಹೇಳ್ತಿದ್ದೆಯಲ್ಲ, ನಾನು ಎಳೆದಾಗ ನೀನು ಸ್ವಲ್ಪ ಬಿಡು, ಪೂರ್ತಿ ಬಿಡಬೇಡ ಅಂತ. ಅದೇ ಇದು. ನಿನ್ನ ಬುದ್ಧಿ. ನಾನು ಸ್ಪ್ರಿಂಗು ಕಟ್ಟಿದೆ ಅಷ್ಟೆ." ಆಮೇಲೆ ಅಕ್ಕನ ನಗು. ವಿಡಿಯೋ ಮುಗಿಯಿತು.

ಮೇಸ್ತ್ರಿ ತಾರೀಖನ್ನು ಮತ್ತೊಮ್ಮೆ ನೋಡಿದ. ಬಂದದ್ದು ಕೋಪ. "ಇದನ್ನ ಇಟ್ಕೊಂಡು ಅಲ್ಲಿ ಕೂತಿದ್ಯಾ? ಯಾಕೆ ಕೊಡಲಿಲ್ಲ?"

"ಕೊಟ್ಟಿದ್ರೆ ಏನಾಗ್ತಿತ್ತು? ಸುಳ್ಳು ಪ್ರಮಾಣ ಮಾಡಿದೋರನ್ನ ಒಳಗೆ ಹಾಕ್ತಾರೆ ಅಂತ ನಮ್ಮ ವಕೀಲರೇ ಹೇಳಿದ್ರು. ನೀನು ನಿಜ ಹೇಳ್ತೀಯ ಅಂತ ಸುಮ್ಮನೆ ಕೂತಿದ್ದೆ. ನೀನು ಇಲ್ಲ ಅಂದಮೇಲೆ ಚೀಲದ ಬಾಯಿ ಬಿಚ್ಚೋಕೆ ಕೈ ಬರಲಿಲ್ಲ."

"ಭಾವಂಗೆ ಗೊತ್ತಾ?"

"ಗೊತ್ತಾಗಿದ್ರೆ ನಾನು ಇಲ್ಲಿಗೆ ಬರ್ತಿದ್ನಾ, ದಡ್ಡ." ಅವಳು ಮಂಡಿ ಹಿಡಿದುಕೊಂಡು ಎದ್ದಳು. "ಮೇಲಿನ ಕೋರ್ಟಿಗೆ ಹೋಗೋಕೆ ಇನ್ನೂ ಹನ್ನೊಂದು ದಿನ ಇದೆಯಂತೆ. ನಾನಂತೂ ಕೊಡಲ್ಲ. ನೀನಾಗೇ ಹೋಗಿ ತಪ್ಪಾಯ್ತು ಅಂದ್ರೆ ಅಷ್ಟು ಕಠಿಣವಾಗಿ ನೋಡಲ್ಲ ಅಂತಾರೆ. ಫೋನು ನಿನ್ನ ಹತ್ರ ಇರಲಿ."

"ಅಳಿಸಿಹಾಕಿದ್ರೆ?"

"ಹಾಕು," ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೊದಲ ಮೂರು ದಿನ ಮೇಸ್ತ್ರಿಗೆ ಕಾರ್ಖಾನೆಯಲ್ಲಿ ಪುರುಸೊತ್ತಿರಲಿಲ್ಲ. ಸುಳ್ಳೇನಲ್ಲ, ದೊಡ್ಡ ಆರ್ಡರು ಬಂದಿತ್ತು. ನಾಲ್ಕನೆಯ ದಿನ ತಲೆನೋವು. ಐದನೆಯ ದಿನ ಆ ಊಟದ ದಿನದ ಮಾತು ನೆನಪಾಗಿ, ಅನುಭವಿಸಲಿ ಅಂದುಕೊಂಡ. ಎರಡು ಸಲ ಅಳಿಸಲು ಬೆರಳು ಇಟ್ಟ, ಎರಡು ಸಲವೂ ಅಕ್ಕನ ನಗು ಕೇಳಿಸಿ ತೆಗೆದ. ಹತ್ತನೆಯ ದಿನ ಅರ್ಧ ರಜೆ ಹಾಕಿ, ಒಗೆದ ಅಂಗಿ ತೊಟ್ಟು, ಫೋನನ್ನು ಎದೆಯ ಜೇಬಿಗೆ ಹಾಕಿಕೊಂಡು ಭಾವನ ವಕೀಲರ ಕಚೇರಿಗೆ ಹೊರಟ.

ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಕಡತಗಳ ಮಧ್ಯೆ ಒಬ್ಬ ಗುಮಾಸ್ತ ಕೂತಿದ್ದ. ತಲೆಯೆತ್ತದೆ, "ಸಾಹೇಬರು ಒಳಗಿದ್ದಾರೆ. ಯಾರು ಅಂತ ಹೇಳ್ಲಿ?" ಅಂದ.

ಮೇಸ್ತ್ರಿ ತನ್ನ ಹೆಸರು ಹೇಳಿದ.

ಗುಮಾಸ್ತ ತಲೆಯೆತ್ತಿದ. ಆಮೇಲೆ ಎದ್ದೇ ನಿಂತ. "ಅಂದ್ರೆ ಆ ಚೌಕಟ್ಟು ಕಂಡುಹಿಡಿದೋರು ನೀವೇನಾ? ಕೂತ್ಕೊಳ್ಳಿ ಸಾರ್. ಎದುರು ಪಾರ್ಟಿಯವರು ಆದ್ರೇನು, ನಮ್ಮ ಸಾಹೇಬರು ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ಇಂಜಿನಿಯರುಗಳ ಕೈಲಿ ಆಗದ್ದನ್ನ ಓದದೇ ಇರೋ ಮನುಷ್ಯ ಮಾಡಿದ್ದಾನೆ ನೋಡ್ರಯ್ಯ ಅಂತಾರೆ." ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ. "ಸಾಹೇಬರಿಗೆ ಏನು ಅಂತ ಹೇಳ್ಲಿ ಸಾರ್?"

ಇಷ್ಟು ವರ್ಷದಲ್ಲಿ ಅವನ ಹೆಸರು ಕೇಳಿ ಯಾರೂ ಎದ್ದು ನಿಂತಿರಲಿಲ್ಲ. ಎದೆಯ ಜೇಬಿನಲ್ಲಿ ಫೋನು ಬೆಚ್ಚಗಿತ್ತು. ಈಗ ಅದನ್ನು ತೆಗೆದರೆ ಈ ಮನುಷ್ಯ ಮತ್ತೆ ಕೂರುತ್ತಾನೆ, ಕುರ್ಚಿಯನ್ನೂ ವಾಪಸು ಎಳೆದುಕೊಳ್ಳುತ್ತಾನೆ.

"ಸ್ವಲ್ಪ ನೀರು ಸಿಗುತ್ತಾ?" ಅಂದ ಮೇಸ್ತ್ರಿ.

ಗುಮಾಸ್ತ ಲೋಟ ತೊಳೆದು ನೀರು ತಂದುಕೊಟ್ಟ. ಮೇಸ್ತ್ರಿ ಒಂದೇ ಗುಟುಕಿಗೆ ಕುಡಿದ. "ಈ ಕಡೆ ಬಂದಿದ್ದೆ, ಅಷ್ಟೇ. ಸಾಹೇಬರಿಗೆ ತೊಂದ್ರೆ ಕೊಡಬೇಡಿ," ಎಂದು ಲೋಟ ಕೆಳಗಿಟ್ಟು ಮೆಟ್ಟಿಲಿಳಿದ.

ಬೀದಿಗೆ ಬರುವಷ್ಟರಲ್ಲಿ ಪ್ಯಾಂಟಿನ ಜೇಬಿನಲ್ಲಿದ್ದ ಅವನದೇ ಫೋನು ಬಡಿದುಕೊಂಡಿತು. ಅಕ್ಕ.

"ಊಟ ಆಯ್ತೇನೋ?"

"ಆಯ್ತು."

"ಬಿಸಿಲಲ್ಲಿ ಓಡಾಡಬೇಡ."

ಅಷ್ಟೇ. ಅವಳು ಇನ್ನೊಂದು ಮಾತು ಕೇಳಿದ್ದರೆ ಬೈದುಬಿಡುತ್ತಿದ್ದ, ಬೈಯಲು ಬಾಯಿ ಸಿದ್ಧವಿತ್ತು. ಅವಳು ಕೇಳಲಿಲ್ಲ. ಫೋನು ಇಟ್ಟುಬಿಟ್ಟಳು. ಮೇಸ್ತ್ರಿ ಕತ್ತೆತ್ತಿದ. ಎದುರು ಕಟ್ಟಡದ ಮೇಲೆ ಗೋಪುರ, ಅದರ ಮೇಲೆ ಅವನೇ ಒತ್ತಿದ ಬಿಳಿ ಮುಚ್ಚಳ, ನಾಲ್ಕೂ ಮೂಲೆ ನುಣ್ಣಗೆ. ಈಗ ಅಕ್ಕ ಆಡಿದ ಮಾತೂ ಅದರೊಳಗಿಂದಲೇ ಬಂದದ್ದು.