ಹುಳುವಿನ ಮನೆಗೆ ಸಲ್ಲದ ಕಷಾಯ

ನಮ್ಮ ಭಾವ ಆವಲಪ್ಪನವರಿಗೆ ತಿಳಿಯದ ವಿದ್ಯೆ ಇರಲಿಲ್ಲ. ದಿಬ್ಬೂರಹಳ್ಳಿಯಲ್ಲಿ ಯಾರ ಹಸು ಈದರೂ, ಯಾರ ಗೋಡೆ ಬಿರಿದರೂ ಅವರ ಬಾಯಿ ಅಲ್ಲಿರುತ್ತಿತ್ತು. ಅರವತ್ತನಾಲ್ಕನೇ ಇಸವಿಯಲ್ಲಿ ಅವರ ಹೆಂಡತಿ, ನನ್ನ ಓರಗಿತ್ತಿ ಓಬಳಮ್ಮಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಚಿಂತಾಮಣಿಯ ಡಾಕ್ಟರಮ್ಮ ಮುಟ್ಟಿ ನೋಡಿ, ಇದು ಕ್ಯಾನ್ಸರ್ ಇರಬಹುದು, ಬೇಗ ಬೆಂಗಳೂರಿಗೆ ಕರೆದುಕೊಂಡು ಹೋಗಿ ತೆಗೆಸಿ, ಈಗಲಾದರೆ ಉಳಿಯುತ್ತಾರೆ ಎಂದರು. ಭಾವ ದೊಡ್ಡದಾಗಿ ತಲೆಯಾಡಿಸಿದರು. ಬಸ್ಸಿಳಿಯುವಷ್ಟರಲ್ಲಿ ಅವರಿಗೆ ಬೇರೆ ದಾರಿ ಹೊಳೆದಿತ್ತು.

ಹೊಳೆದದ್ದು ನಮ್ಮೂರ ಮೇಷ್ಟ್ರು ಪತ್ರಿಕೆಯಲ್ಲಿ ಓದಿ ಹೇಳಿದ್ದ ಸುದ್ದಿ. ಕಾಶಿ ಕಣಗಿಲೆ ಸೊಪ್ಪಿನಿಂದ ಹೊರದೇಶದವರು ಕ್ಯಾನ್ಸರಿಗೆ ಔಷಧಿ ತೆಗೆದಿದ್ದಾರಂತೆ. ಮೇಷ್ಟ್ರು ಪೂರ್ತಿ ಓದಿದ್ದರು: ಗಾಡಿಗಟ್ಟಲೆ ಸೊಪ್ಪಿಗೆ ಚಿಟಿಕೆಯಷ್ಟು ಸಿಗುತ್ತದೆ, ಅದನ್ನೂ ಶೋಧಿಸಿ, ಅಳೆದು, ಡಾಕ್ಟರೇ ಸೂಜಿಯಲ್ಲಿ ಕೊಡುತ್ತಾರೆ, ಅದೂ ರಕ್ತದ ಕ್ಯಾನ್ಸರಿನಂಥ ಕೆಲವಕ್ಕೆ. ಭಾವನವರ ಕಿವಿ ಗಿಡದ ಹೆಸರು ಕೇಳಿದ ಕೂಡಲೇ ಬಾಗಿಲು ಹಾಕಿಕೊಂಡಿತ್ತು.

"ನಮ್ ಸ್ಮಶಾನದ ತುಂಬಾ ಅದೇ ಐತೆ. ಬೆಂಗಳೂರಿಗ್ ಹೋಗಿ ಕೊಯ್ಸಿಕೊಳ್ಳೋದ್ಯಾಕೆ?" ಎಂದರು. ಮನೆ ತುಂಬ ರೇಷ್ಮೆ ಹುಳು ಇತ್ತಲ್ಲ, ಅದಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೆಂಗಸರು ಊರು ಬಿಟ್ಟರೆ ಗೂಡಿನ ಬೆಳೆಯ ಗತಿ ಏನು? ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಮಾರನೆಯ ದಿನದಿಂದ ಕಷಾಯ ಶುರುವಾಯಿತು. ಮೇಕೆಯೂ ಮೂಸಿ ಬಿಡುವ ಆ ಸೊಪ್ಪನ್ನು ಹೊರೆ ಹೊರೆ ತರಿಸಿ ಹಿತ್ತಲಲ್ಲಿ ಆಳಿನ ಕೈಲಿ ಕುದಿಸಿದರು. ಅಕ್ಕ ಬೆಳಿಗ್ಗೆ ಒಂದು ಲೋಟ ಕುಡಿಯುವುದು, ಮಧ್ಯಾಹ್ನದವರೆಗೂ ವಾಂತಿ ಮಾಡುವುದು. "ರೋಗ ಈಚೆಗೆ ಬರ್ತಾ ಐತೆ" ಎಂದು ಭಾವ ಹಿಗ್ಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಹುಳುವಿನ ವಿಷಯದಲ್ಲಿ ಅವರಷ್ಟು ಹುಷಾರಾದವರು ಇಡೀ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇರಲಿಲ್ಲ. ಹೊಗೆಸೊಪ್ಪಿನ ಸೋಂಕಿಗೇ ರೇಷ್ಮೆ ಹುಳು ಸಾಯುತ್ತದೆ; ಅದನ್ನು ಮುಟ್ಟಿದವರು ಹುಳುವಿನ ಮನೆ ಹೊಸಿಲು ತುಳಿಯುವಂತಿಲ್ಲ, ಅದು ಎಲ್ಲರ ಮನೆಯ ಕಟ್ಟಳೆ. ನಮ್ಮಲ್ಲಿ ಈಗ ಇನ್ನೊಂದು ಸೇರಿತು. ಕಷಾಯ ಕಾಯಿಸಿದವರೂ ಕುಡಿದವರೂ ಒಳಗೆ ಬರಕೂಡದು. ಅಕ್ಕ ಅದನ್ನು ಕೇಳಿಸಿಕೊಂಡು ಕೈಯಲ್ಲಿದ್ದ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಹುಳು ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತು. ಒಂದು ಬೆಳಿಗ್ಗೆ ಅಕ್ಕ ಕಷಾಯದ ಲೋಟ ಹಿಡಿದುಕೊಂಡು ನೆಟ್ಟಗೆ ಹುಳುವಿನ ಮನೆಗೇ ನುಗ್ಗಿದಳು. ನಾನು ಹುಳು ಬಿಟ್ಟಿದ್ದ ಬಿದಿರಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಅವಳು ಲೋಟವನ್ನು ಒಂದು ತಟ್ಟೆಯ ಮೇಲೆ ಬಗ್ಗಿಸಿ ಹಿಡಿದಳು.

ಭಾವ ಓಡಿ ಬಂದು ತಟ್ಟೆಗೆ ಎರಡು ಕೈಯನ್ನೂ ಅಡ್ಡ ಇಟ್ಟರು. "ಮೈಮೇಲೆ ಗ್ಯಾನ ಐತೇನೇ ನಿಂಗೆ? ಸತ್ತೋಗ್ತವೆ ಕಣೇ, ವಿಷ ಅದು."

ಅಕ್ಕ ಆ ಕೈಗಳನ್ನೇ ನೋಡಿದಳು. "ನನ್ ಬಾಯಿಗ್ ಹುಯ್ಯೋವಾಗ ಈ ಕೈ ಎಲ್ಲೋಗಿತ್ತು?" ಎಂದಳು.

ಭಾವ ತಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ನಾನು ಸೊಪ್ಪಿನ ಬುಟ್ಟಿಯನ್ನು ಅವರ ಕಾಲ ಬಳಿ ಇಟ್ಟು ಅಕ್ಕನ ಜೊತೆ ಹೊರಟೆ. ನಾವು ಬಸ್ಸು ಹತ್ತಿದೆವು. ಬೆಂಗಳೂರಿನ ಡಾಕ್ಟರು ತಡ ಮಾಡಿದ್ದಕ್ಕೆ ಬೈದು, ಎದೆ ಕೊಯ್ದು ಗಂಟು ತೆಗೆದರು. ಅಕ್ಕ ಉಳಿದಳು.

ಇಷ್ಟಕ್ಕೆ ಭಾವ ಬುದ್ಧಿ ಕಲಿತರು ಅಂದುಕೊಂಡಿರಾ? ಅಂಗಡಿ ಕಟ್ಟೆಯ ಮೇಲೆ ಕೂತು, ಹೆಂಡತಿ ಉಳಿದದ್ದು ತಮ್ಮ ಕಷಾಯದಿಂದಲೇ, ಡಾಕ್ಟರು ಸುಮ್ಮನೆ ಹೆಸರು ತಗೊಂಡರು ಎಂದು ಸಾರಿದರು. ಮಾರನೆಯ ವರ್ಷ ಕೈವಾರದಿಂದ ಮಂಗಮ್ಮ ಎಂಬ ಹೆಂಗಸು ಅವರನ್ನು ಹುಡುಕಿಕೊಂಡು ಬಂದಳು. ಅವಳಿಗೂ ಎದೆಯಲ್ಲಿ ಗಂಟಂತೆ. ಭಾವ ಗತ್ತಿನಿಂದ ಸೊಪ್ಪು ತರಲು ಎದ್ದರು.

ಅಕ್ಕ ಅವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಸೆರಗು ಸರಿಸಿ, ರವಿಕೆ ಬಿಚ್ಚಿ, ಚಪ್ಪಟೆಯಾದ ಎದೆಯ ಮೇಲಿನ ಉದ್ದನೆಯ ಗಾಯದ ಗುರುತನ್ನು ತೋರಿಸಿದಳು.

"ನಾನ್ ಉಳ್ದಿದ್ದು ಇದ್ರಿಂದ ಕಣಮ್ಮ. ಅವರು ಸೊಪ್ಪು ತರೋದ್ರೊಳಗೆ ಬಸ್ ಹತ್ಕೊ."