ಮೂಲೆಯ ಮೇಜಿನ ನಿದ್ದೆ

ಕೂತು ಉಣ್ಣುವ ಕಂಪ್ಯೂಟರಿಗೆ ಕುಡಿಕೆ ಕರೆಂಟೂ ಸಾಲದು. ಗಾದೆಯ ಕೈಕಾಲು ಮುರಿದದ್ದು ಗುಂಡಣ್ಣ; ಮುರಿದು, ಲ್ಯಾಮಿನೇಷನ್ ಮಾಡಿಸಿ, ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ತನ್ನ ಲಗ್ನಪತ್ರಿಕೆ ಅಂಗಡಿಯ ಸ್ವಿಚ್‌ಬೋರ್ಡಿನ ಮೇಲೆ ಅಂಟಿಸಿದ್ದೂ ಅವನೇ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರಲ್ಲ, ಈ ಗಾದೆ ಸುಳ್ಳಾಯಿತು. ಹೇಗೆ ಸುಳ್ಳಾಯಿತು ಅನ್ನುವ ಕತೆ ಮಾತ್ರ ಅಪ್ಪಟ ನಿಜ.

ಗುಂಡಣ್ಣ ಮೈಸೂರಿನವನು. ಕರೆಂಟಿನ ವಿಷಯದಲ್ಲಿ ಮುಟ್ಟಿದರೆ ಶಾಕ್ ಹೊಡೆಯುವಷ್ಟು ಜಿಪುಣ. ಸಂಜೆ ಶಟರ್ ಎಳೆಯುವ ಮುಂಚೆ ಮೇನ್ ಸ್ವಿಚ್ ಇಳಿಸುವುದು, ಬೆಳಿಗ್ಗೆ ಬಂದೊಡನೆ ಏರಿಸುವುದು, ಇವೆರಡೂ ಅವನ ಸಂಧ್ಯಾವಂದನೆ. ನಗುವುದರಲ್ಲಿ ಮಾತ್ರ ಧಾರಾಳಿ. ಮೊದಲು ಕುಕ್ಕರ್ ಹಬೆ ಕಟ್ಟಿದಂತೆ ಮೂರು ಸಲ ‘ಹಸ್ಸ್, ಹಸ್ಸ್, ಹಸ್ಸ್’, ಆಮೇಲೆ ಒಂದೇ ಸೀಟಿ.

ಆ ನಗುವನ್ನು ಗುಂಡಣ್ಣನಿಗಿಂತ ಚೆನ್ನಾಗಿ ನಗುತ್ತಿದ್ದವನು ಲಕ್ಷ್ಮೀಕಾಂತ. ವಿಜಯಪುರದ ಕಡೆಯವನು, ಹದಿನಾಲ್ಕು ವರ್ಷದಿಂದ ಅಂಗಡಿಯ ಡಿಸೈನರ್. ಟಿಟ್ವಾಳಾದಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದವನು, ಲೋಕಲ್‌ನ ಮುಂದಿನ ನಿಲ್ದಾಣ ಹೇಳುವ ಹೆಂಗಸಿನ ದನಿಯಲ್ಲೇ ‘ಪುಢೀಲ್ ಸ್ಟೇಷನ್, ಗುಂಡಣ್ಣ’ ಎಂದು ಸಾರಿ ಒಳಗೆ ಕಾಲಿಡುತ್ತಿದ್ದ.

ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಗಳ ಗಡಿಬಿಡಿಯಲ್ಲಿ, ಒಂದು ಸಂಜೆ ಇಬ್ಬರಿಗೂ ಜಗಳವಾಯಿತು.

“ಶಟ್‌ಡೌನ್ ಮಾಡಯ್ಯಾ, ಹೊತ್ತಾಯ್ತು.”

“ಬ್ಯಾಡ್ರಿ ಅಣ್ಣಾರ. ಹನ್ನೆರಡು ಫೈಲ್ ತಗದಿಟ್ಟೀನಿ. ಮುಂಜಾನೆ ಮತ್ತ ಎಲ್ಲಾ ತಗೀಬೇಕಂದ್ರ ಅರ್ಧಾ ತಾಸು ಹೋಗ್ತದ. ಮಲಗಿಸಿ ಹೋಗ್ತೀನಿ.”

“ಮಲಗೋದು ನಿಮ್ಮನೇಲಿ. ಮಲಗಿದ್ರೂ ಅದು ಕರೆಂಟ್ ಕುಡಿಯುತ್ತೆ ಅಂತ ನೀನೇ ಹೇಳಿದ್ದೆ ತಾನೆ?”

“ಇದು ಬ್ಯಾರೆ ನಿದ್ದಿರಿ. ಹೈಬರ್ನೇಟ್ ಅಂತಾರ...”

“ನಿದ್ದೇಲೂ ಜಾತಿ ಬೇರೆಯೇನಯ್ಯಾ? ಪೂರ್ತಿ ಆಫ್ ಮಾಡೋದು ಕಲಿತರೆ ನಾಳೆ ಬಾ. ಇಲ್ಲಾ, ಬರಲೇಬೇಡ!”

ಲಕ್ಷ್ಮೀಕಾಂತ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಗುಂಡಣ್ಣ ಬೀಗ ಹಿಡಿದು ಹೊರಗೆ ನಿಂತಿದ್ದಾಗ ಒಳಗಿನಿಂದ ಗೊಣಗಾಟ ಕೇಳಿಸಿತು, ಹತ್ತು ನಿಮಿಷ. ತನಗೇ ಬೈಯುತ್ತಿದ್ದಾನೆ ಎಂದುಕೊಂಡ. ಆಮೇಲೆ ಲಕ್ಷ್ಮೀಕಾಂತ ಮುಖವನ್ನು ಆಚೆ ತಿರುಗಿಸಿಕೊಂಡು ಸ್ಟೇಷನ್ನಿನ ದಿಕ್ಕು ಹಿಡಿದ. ಗುಂಡಣ್ಣ ಮೇನ್ ಇಳಿಸಿ ಬೀಗ ಹಾಕಿದ.

ಮರುದಿನ ಬೆಳಿಗ್ಗೆ ಶಟರ್ ಅರ್ಧ ಎತ್ತಿದ್ದಾಗ ಫೋನ್ ಬಂತು. ಲಕ್ಷ್ಮೀಕಾಂತನ ಹೆಂಡತಿ ಭಾಗ್ಯಾ.

“ಎಬ್ಬಿಸಾಕ್ ಹೋದ್ನಿರಿ... ಏಳವಲ್ರು.”

ಡಾಕ್ಟರು ಬಂದು, ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರಂತೆ. ಗುಂಡಣ್ಣ ಎತ್ತಿದ ಶಟರನ್ನು ಹಾಗೆಯೇ ಎಳೆದು ಟಿಟ್ವಾಳಾಕ್ಕೆ ಓಡಿದ. ಮೂರು ದಿನ ಬಿಟ್ಟು ಅಂಗಡಿ ತೆರೆದಾಗ, ಮೇನ್ ಏರಿಸುವ ಮುಂಚೆ ಅವನು ಮಾಡಿದ ಮೊದಲ ಕೆಲಸವೆಂದರೆ ಆ ಕಂಪ್ಯೂಟರಿನ ಪ್ಲಗ್ ಕಿತ್ತದ್ದು. ಅದರ ಗುಂಯ್‌ಗುಡುವಿಕೆಯನ್ನು ಕೇಳಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಮೂಲೆಯ ಮೇಜಿಗೆ ಹಳೇ ಬೆಡ್‌ಶೀಟು ಹೊದಿಸಿದ.

ಅಂದಿನಿಂದ ಅವನ ಬಾಯಲ್ಲಿ ‘ಆಫ್’ ಎಂಬ ಮಾತೇ ಹೊರಡದಾಯಿತು. ಮೇನ್ ಇಳಿಸಲು ಕೈ ಏಳದು. ಮುಚ್ಚಿದ ಶಟರಿನ ಕೆಳಗಿನಿಂದ ಹಗಲಿರುಳೂ ಬೆಳಕಿನ ಗೀರು ಕಾಣುತ್ತಿತ್ತು. ಬಿಲ್ಲು ಬೆಳೆಯಿತು, ಅದನ್ನವನು ಓದದೆ ಕಟ್ಟಿದ.

ಹೊಸ ಡಿಸೈನರ್ ಪ್ರಕೃತಿ ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಹೇಳುತ್ತಾಳೆ. ಅವಳು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ತನ್ನ ಕಂಪ್ಯೂಟರನ್ನು ಮಲಗಿಸುತ್ತಿದ್ದಳು. ಆಗ ಅದರ ಹೊಟ್ಟೆಯ ಬಿಳಿ ದೀಪ ನಿಧಾನವಾಗಿ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಉಸಿರಾಟವೇ! ಗುಂಡಣ್ಣ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದ. ಪಕ್ಕದಲ್ಲಿ ಬೆಡ್‌ಶೀಟಿನಡಿಯದು ಉಸಿರಾಡುತ್ತಿರಲಿಲ್ಲ. ಆದರೂ ಆ ಕಡೆಯಿಂದಲೇ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟ.

“ಮಲಗಿರೋದಕ್ಕೂ, ಆ... ಹೈಬರ್ನೇಟ್‌ಗೂ ಏನಮ್ಮಾ ವ್ಯತ್ಯಾಸ?”

“ಸ್ಲೀಪ್ ಮೇ ಥೋಡಾ ಕರೆಂಟ್ ಪೀತಾ ಹೈ ಕಾಕಾ. ಹೈಬರ್ನೇಟ್ ಮೇ ಝೀರೋ. ಪ್ಲಗ್ ಕಿತ್ತರೂ ಚಲ್ತಾ ಹೈ.”

“ಝೀರೋ ಅಂದ್ರೆ ಸತ್ತ ಹಾಗೇ ಆಯ್ತಲ್ಲ?”

“ನಹೀಂ ಕಾಕಾ. ಸಬ್ ಯಾದ್ ರಹತಾ ಹೈ.”

ಎಲ್ಲಾ ನೆನಪಿರುತ್ತದೆ! ಅವತ್ತು ಗುಂಡಣ್ಣನ ಡಬ್ಬಿ ಹಾಗೆಯೇ ಮನೆಗೆ ವಾಪಸಾಯಿತು. ಸತ್ತವನು ಸಿಟ್ಟಿನಲ್ಲೇ ಹೋದನೆ? ‘ಬರಲೇಬೇಡ’ ಎಂದ ಮಾತನ್ನು ಪಾಲಿಸಿಯೇ ಹೋದನೆ? ಕೇಳೋಣವೆಂದರೆ ಯಾರನ್ನು? ಕುರ್ಚಿ ಕಿರ್ ಎಂದರೆ ಬೆಚ್ಚುವ, ಕೀಬೋರ್ಡು ಟಕ್ ಎಂದರೆ ಪ್ರಕೃತಿಯ ಬದಲು ಮೂಲೆಯ ಕಡೆ ನೋಡುವ ಗುಂಡಣ್ಣ ಕಡೆಗೆ ಉಲ್ಹಾಸನಗರದ ಹಳೇ ಸಾಮಾನಿನ ವ್ಯಾಪಾರಿಗೆ ಫೋನ್ ಮಾಡಿದ. ವಿಜಯದಶಮಿಯ ದಿನ ಬಂದು ಒಯ್ಯುತ್ತೇನೆ ಎಂದ ಅವನು.

ಅದಕ್ಕೆ ಮುಂಚೆ ಆಯುಧಪೂಜೆ. ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು, ಗುಂಡಣ್ಣನೇ ಹಾಕಿದ್ದು: ಜೀವ ಇದ್ದಾಗಲೇ ಕುಂಕುಮ. ಯಂತ್ರ ಓಡುತ್ತಿರುವಾಗಲೇ ಅದಕ್ಕೆ ಬೊಟ್ಟಿಡಬೇಕು. ತಣ್ಣಗಿರುವುದಕ್ಕೆ ಇಟ್ಟರೆ ಹೆಣಕ್ಕೆ ಇಟ್ಟಂತೆ. ಕಾಗದ ಕತ್ತರಿಸುವ ಮಷೀನು, ಪ್ರಿಂಟರು, ಪ್ರಕೃತಿಯ ಕಂಪ್ಯೂಟರು, ಎಲ್ಲದಕ್ಕೂ ಬೊಟ್ಟು ಬಿತ್ತು. ಉಳಿದದ್ದು ಮೂಲೆ.

“ಕಾಕಾ, ಯೇ ತೋ ಕಲ್ ಜಾ ರಹಾ ಹೈ. ಛೋಡೋ ನಾ.”

“ಹೋಗೋವಾಗಲೂ ಬೊಟ್ಟಿಲ್ಲದೆ ಕಳಿಸಲಾ?” ಎಂದ ಗುಂಡಣ್ಣ. ಬೆಡ್‌ಶೀಟು ಸರಿಸಿದ. ಕಪ್ಪು ಪರದೆಯಲ್ಲಿ ಒಂದು ಮುಖ ಕಂಡು ಹಿಂದೆ ಸರಿದ; ಅದು ತನ್ನದೇ. ಬಗ್ಗಿ, ಕಣ್ಣು ಮುಚ್ಚಿ ಪ್ಲಗ್ ಚುಚ್ಚಿದ. ಸ್ವಿಚ್ ಒತ್ತಿದ.

ಕಂಪ್ಯೂಟರಿನ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಅದು ತಾನಾಗಿ ಗುಂಯ್ ಎಂದಿತು. ಪರದೆ ಬೆಳಗಿತು. ನಾಲ್ಕು ತಿಂಗಳ ಹಿಂದಿನ ಒಂದು ಮದುವೆಯ ಕರೆಯೋಲೆ, ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು: ‘ತಮ್ಮ ಆಗಮನಾಭಿ’. ಅದರ ಮುಂದೆ ಕರ್ಸರ್ ಮಿಟುಕುತ್ತಿತ್ತು, ಬೆರಳು ಈಗಷ್ಟೇ ಎತ್ತಿದಂತೆ.

“ಏನಯ್ಯಾ! ಯಾರಪ್ಪನ ಮನೆ ಕರೆಂಟು ಅಂದ್ಕೊಂಡಿದ್ದೀಯಾ?”

ಸ್ಪೀಕರು ಗರ್ಜಿಸಿತು. ದನಿ ಗುಂಡಣ್ಣನದು. ಗುಂಡಣ್ಣನ ತುಟಿ ಮುಚ್ಚಿಯೇ ಇತ್ತು. ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೀಬೋರ್ಡಿನ ಮೇಲೆ ಕವುಚಿಕೊಂಡಿತು.

“ರಾತ್ರಿಯೆಲ್ಲಾ ಕುಡಿದೆಯಾ? ಬೊಗಳಯ್ಯಾ!”

ಆಮೇಲೆ, ಮೆತ್ತಗೆ, ಇನ್ನೊಂದು ದನಿ. ನಾಲ್ಕು ತಿಂಗಳಿಂದ ಈ ಗೋಡೆಗಳು ಕೇಳದ ದನಿ.

“ಇಲ್ರಿ ಅಣ್ಣಾರ. ನಾ ಸತ್ತಿಲ್ಲ. ಮಲಗಿದ್ನಿ.”

ಪ್ರಕೃತಿ ಚೀರಿ ಕಾಗದದ ರಾಶಿಯ ಹಿಂದೆ ಸರಿದಳು.

“ನೀವು ಮೇನ್ ಇಳಿಸಿ ಹೋದ್ರಿ, ನಾ ಒಂದು ಹನಿ ಕರೆಂಟ್ ಕುಡದಿಲ್ಲ. ಆದ್ರ ಏನೂ ಮರತಿಲ್ಲ. ನೋಡ್ರಿ, ಪತ್ರಿಕಿ ಎಲ್ಲಿ ಬಿಟ್ಟಿದ್ನೋ ಅಲ್ಲೇ ಐತಿ. ನೀವು ಬೈದದ್ದೂ ನೆನಪೈತಿ.”

“ಲಕ್ಷ್ಮೀಕಾಂತಾ...” ಎಂದ ಗುಂಡಣ್ಣ, ಮೇಜಿಗೇ ಕೈ ಮುಗಿದು.

“ಸಿಟ್ಟು ಬಂದಿಲ್ರಿ. ನಿಮ್ಮ ಬೈಗಳ ಕಿವಿಗೆ ಬೀಳದಿದ್ರ ನನಗ ಕೆಲಸಕ್ಕ ಕೈನ ಏಳಂಗಿಲ್ಲ. ಈಗ ಹಿಂದಕ್ಕ ತಿರುಗಿ ನೋಡ್ರಿ. ಬಾಗಲದಾಗ ನಿಂತೀನಿ.”

ಗುಂಡಣ್ಣ ತಿರುಗಿದ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಚೆಂಡು ಹೂವಿನ ತೋರಣ ತೂಗುತ್ತಿತ್ತು. ಅದರಾಚೆ ಬಿಸಿಲು, ರಿಕ್ಷಾಗಳ ಸಾಲು. ಒಬ್ಬ ಮನುಷ್ಯ ನಿಂತು ಹಲ್ಲು ಕಿರಿಯುವಷ್ಟು ಜಾಗ ಮಾತ್ರ ಖಾಲಿಯಿತ್ತು. ಆಗ ಹೊಳೆಯಿತು ಅವನಿಗೆ: ಹತ್ತು ನಿಮಿಷದ ಆ ಗೊಣಗಾಟ ಬೈಗುಳವಲ್ಲ. ಮರುದಿನ ಬೆಳಿಗ್ಗೆ ತಾನು ಮೇನ್ ಏರಿಸಿದೊಡನೆ ಕಂಪ್ಯೂಟರು ಎದ್ದು ಮಾತಾಡಲೆಂದು, ತನ್ನ ದನಿಯನ್ನೂ ಅಣಕಿಸಿ ತುಂಬಿಸಿಟ್ಟ ಮಾತು. ಮುಖ ತಿರುಗಿಸಿಕೊಂಡು ಹೋದದ್ದು ನಗು ಮುಚ್ಚಲು. ಬಾಗಿಲಲ್ಲಿ ನಿಂತು ಮಜಾ ನೋಡಬೇಕಿದ್ದವನೇ ಬರಲಿಲ್ಲ, ಅಷ್ಟೇ.

“ಹೆದರಿದ್ರಿ, ಹೌದಿಲ್ಲೋ?” ಎಂದಿತು ಸ್ಪೀಕರು. “ಹಂಗಾರ ಇವತ್ತಿನ ಚಾ ನಿಮ್ಮದು.”

ಬೆನ್ನಿಗೇ ನಗು ಬಂತು. ಲಕ್ಷ್ಮೀಕಾಂತನ ನಗುವಲ್ಲ. ಹಸ್ಸ್, ಹಸ್ಸ್, ಹಸ್ಸ್, ಆಮೇಲೆ ಉದ್ದನೆಯ ಸೀಟಿ. ನಾಲ್ಕು ತಿಂಗಳಿಂದ ಗುಂಡಣ್ಣ ಎಲ್ಲಿಟ್ಟನೆಂದು ಮರೆತಿದ್ದ ಅವನದೇ ನಗು, ಮಲಗಿದ್ದಲ್ಲಿಂದ ಎದ್ದು ಬಂದಿತ್ತು.

“ಕಾಕಾ, ಡರೋ ಮತ್, ರೆಕಾರ್ಡಿಂಗ್ ಹೈ,” ಎಂದಳು ಪ್ರಕೃತಿ, ಕಾಗದದ ರಾಶಿಯ ಹಿಂದಿನಿಂದ ತಲೆ ಮಾತ್ರ ಎತ್ತಿ. “ಕರೆಂಟ್ ಬಂದ್ರೆ ಅಪ್ನೇ ಆಪ್ ಎದ್ದು ಇದನ್ನ ಹಾಕೋ ಹಾಗೆ ಸೆಟ್ಟಿಂಗ್ ಹೈ.”

ಗುಂಡಣ್ಣ ಕೀಬೋರ್ಡಿನಿಂದಲೇ ಬೆರಳಲ್ಲಿ ಕುಂಕುಮ ಬಳಿದುಕೊಂಡು ಪರದೆಯ ಹಣೆಗೆ ಇಟ್ಟ. ಕಣ್ಣೊರೆಸಿಕೊಂಡದ್ದರಿಂದ ಅರ್ಧ ಅವನ ಕೆನ್ನೆಗೂ ಮೆತ್ತಿತು.

“ಚಹಾ ಹೇಳಮ್ಮಾ, ಮೂರು. ಆಮೇಲೆ ಇದನ್ನ ಮಲಗಿಸು. ಆ ಬೇರೆ ನಿದ್ದೆ.”

“ಔರ್ ಉಲ್ಹಾಸನಗರ್‌ವಾಲಾ?”

“ಮಾಲು ಮಲಗಿದೆ, ಎಬ್ಬಿಸೋ ಹಾಗಿಲ್ಲ ಅನ್ನು...” ಎನ್ನಹೋದವನು ಮಾತು ಮುಗಿಸಲಾರದೆ ಹೋದ. ಹಸ್ಸ್, ಹಸ್ಸ್, ಹಸ್ಸ್. ಅಷ್ಟರಲ್ಲಿ ಸ್ಪೀಕರಿನ ನಗು ಮುಗಿದಿತ್ತು. ಅದಕ್ಕಿಂತ ಜೋರಾದ ಸೀಟಿಯೊಂದು ತೋರಣ ದಾಟಿ, ರಿಕ್ಷಾ ಸಾಲು ದಾಟಿ, ಸ್ಟೇಷನ್ನಿನ ದಿಕ್ಕು ಹಿಡಿಯಿತು.