ಸುಮ್ಮನೆ ಕೂರುವವರ ಕುರ್ಚಿ

ಗುಬ್ಬಿಗೆ ನಲವತ್ತೇಳು ವರ್ಷ. ತೂಕವೂ ಹೆಚ್ಚುಕಡಿಮೆ ಅಷ್ಟೇ ಕಿಲೋ. ಆ ಹೆಸರಿಟ್ಟಿದ್ದ ಅಕ್ಕ ತೀರಿಕೊಂಡು ಏಳು ತಿಂಗಳಾಗಿತ್ತು. ಈಗ ಹಾಗೆ ಕರೆಯಲು ಉಳಿದಿದ್ದವಳು ಅಕ್ಕನ ಮಗಳೊಬ್ಬಳೇ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಆ ಹುಡುಗಿ, ಒಂಟಿಯಾದ ಚಿಕ್ಕಮ್ಮನನ್ನು ಹಟ ಹಿಡಿದು ತನ್ನ ಊರಿಗೆ ಕರೆತಂದಿದ್ದಳು. ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ, ಬಟ್ಟೆ ಒಣಗಿಸಲು ಒಂದು ಬಾಲ್ಕನಿ, ಮೂರು ಬೀದಿ ದಾಟಿದರೆ ಸೋಫಾ ರಿಪೇರಿಯ ಅಂಗಡಿಯಲ್ಲಿ ಒಂದು ಕೆಲಸ. ಇನ್ನೇನು ಬೇಕು ಎಂದು ಯಾರಾದರೂ ಕೇಳಬಹುದು. ಗುಬ್ಬಿಗೆ ಬೇಕಾಗಿದ್ದದ್ದು ಒಂದು ಸಾಲಿನ ಉತ್ತರ.

ಅಕ್ಕತಂಗಿಯರಿಬ್ಬರೂ ಬೆತ್ತದ ಕುರ್ಚಿ ಹೆಣೆಯುವವರು. ಒಬ್ಬರೇ ಮಾಡಬಹುದಾದ ಕೆಲಸವೇ ಅದು, ಆದರೆ ಅವರ ತಾಯಿ ಇಬ್ಬರಿಗೂ ಜೋಡಿಯಾಗಿ ಕಲಿಸಿಬಿಟ್ಟಿದ್ದಳು. ಗುಬ್ಬಿ ಮೇಲೆ ಕೂತು ಚೌಕಟ್ಟಿನ ತೂತಿನೊಳಗೆ ಎಳೆ ಇಳಿಸಬೇಕು, ಅಕ್ಕ ಕುರ್ಚಿಯ ಕೆಳಗೆ ಅಂಗಾತ ಮಲಗಿ ಅದನ್ನು ಬಿಗಿಯಾಗಿ ಎಳೆದು ಪಕ್ಕದ ತೂತಿನಿಂದ ವಾಪಸು ಕಳಿಸಬೇಕು. ಸಂಜೆ ಕೊನೆಯ ಓರೆ ಎಳೆಗಳನ್ನು ಹಾಕುವಾಗ ಇಬ್ಬರೂ ಪ್ರಾರ್ಥನೆ ಹೇಳುತ್ತಿದ್ದರು. ಅದೂ ತಾಯಿ ಕಟ್ಟಿದ್ದೇ, ಅದೂ ಜೋಡಿಯದೇ.

"ಕಂಡದ್ದು ಕೊಟ್ಟೆ" ಎನ್ನುತ್ತಿದ್ದಳು ಮೇಲಿನಿಂದ ಗುಬ್ಬಿ.

"ಕಾಣದ್ದೂ ಕೊಟ್ಟೆ" ಎನ್ನುತ್ತಿದ್ದಳು ಕೆಳಗಿನಿಂದ ಅಕ್ಕ, ಎಳೆ ಜಾರದಂತೆ ತೂತಿಗೆ ಸಿಕ್ಕಿಸುವ ಮರದ ಗೂಟವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

"ತಿಳಿದದ್ದು ಕೊಟ್ಟೆ." "ತಿಳಿಯದ್ದೂ ಕೊಟ್ಟೆ." "ಕೈಯಲ್ಲಿದ್ದದ್ದು ಕೊಟ್ಟೆ." "ಕೈ ಜಾರಿದ್ದೂ ಕೊಟ್ಟೆ." ಅಲ್ಲಿಗೆ ಮುಗಿಯಿತು. ಯಾರಿಗೆ ಕೊಟ್ಟದ್ದು ಎಂದು ತಾಯಿ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಎದೆ ಹಗುರಾಗುತ್ತಿತ್ತು, ಅಷ್ಟು ಸಾಕಾಗಿತ್ತು.

ಈಗ ಗುಬ್ಬಿ ತನ್ನ ಸಾಲು ಹೇಳುತ್ತಾಳೆ, ಆಮೇಲೆ ಗೋಡೆ ನೋಡುತ್ತಾಳೆ. ಏಳು ತಿಂಗಳಿಂದ ಪ್ರಾರ್ಥನೆ ಮೊದಲ ಸಾಲಿನಲ್ಲೇ ನಿಂತಿತ್ತು.

"ಎರಡೂ ನೀನೇ ಹೇಳ್ಕೊ ಚಿಕ್ಕಮ್ಮ" ಎಂದಳು ಅಕ್ಕನ ಮಗಳು.

"ಅದು ನಿಮ್ಮಮ್ಮನ ಪಾಲು ಕಣೇ. ನಾನು ಮುಟ್ಟೋ ಹಾಗಿಲ್ಲ. ನೀನಾದ್ರೂ ಹೇಳು."

"ನನ್ ಕೈಲಿ ಆಗಲ್ಲ. ಹೇಳೋಕೆ ಹೋದ್ರೆ ಅಳು ಬರುತ್ತೆ."

ಹಾಗಾಗಿ ಗುಬ್ಬಿ ತನ್ನ ಸಾಲಿಗೆ ಉತ್ತರ ಕೊಡುವ ಜನರನ್ನು ಹುಡುಕಿಕೊಂಡು ಹೊರಟಳು. ಮೊದಲು ಹೋದದ್ದು ಎರಡು ಸಾವಿರ ಜನ ಕೂರುವ ಒಂದು ಸತ್ಸಂಗದ ಸಭಾಂಗಣಕ್ಕೆ. ಅಲ್ಲಿ ಎದೆಗೆ ಒಂದು ನಂಬರಿನ ಚೀಟಿ ಅಂಟಿಸಿದರು, ಗುರುಗಳು ಪರದೆಯ ಮೇಲೆ ಮನೆಯಷ್ಟು ದೊಡ್ಡದಾಗಿ ಕಂಡರು, ಗುಬ್ಬಿ ಮಾತ್ರ ಯಾರಿಗೂ ಕಾಣಲಿಲ್ಲ. ಎರಡನೆಯ ಕಡೆ ಅದರ ತದ್ವಿರುದ್ಧ. ಬಾಗಿಲಲ್ಲೇ ನಾಲ್ಕು ಜನ ಸಾಲಾಗಿ ನಿಂತು ತಬ್ಬಿಕೊಂಡರು, 'ನಿಮಗಾಗಿಯೇ ಕಾಯ್ತಿದ್ವಿ' ಎಂದರು, ಹಿಂದೆ ಬಂದವನಿಗೂ ಅದನ್ನೇ ಹೇಳಿ ಅಷ್ಟೇ ಬಿಗಿಯಾಗಿ ತಬ್ಬಿಕೊಂಡರು. ಗುಬ್ಬಿ ಮನೆಗೆ ಬಂದು ಪಕ್ಕೆಲುಬು ಸವರಿಕೊಂಡಳು.

ಮೂರನೆಯದು ಸಿಕ್ಕಿದ್ದು ಬ್ರೆಡ್ ಅಂಗಡಿಯ ಗೋಡೆಯ ಮೇಲೆ. ಕೈಬರಹದ ಒಂದು ಕಾಗದ: 'ಸುಮ್ಮನೆ ಕೂರುವವರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಸೈಕಲ್ ಅಂಗಡಿಯ ಮೇಲೆ.' ಬನ್ನಿ ಎಂದೂ ಇರಲಿಲ್ಲ, ಬರಬೇಡಿ ಎಂದೂ ಇರಲಿಲ್ಲ.

ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ. ಎರಡು ಕಿಟಕಿ, ಬಾಗಿಲ ಪಕ್ಕ ಚಪ್ಪಲಿ ಬಿಡಲು ಒಂದು ಬೆಂಚು, ನಡುವೆ ದುಂಡಗೆ ಇಟ್ಟ ಹತ್ತು ಕುರ್ಚಿ. ಒಂಬತ್ತರಲ್ಲಿ ಜನ ಕೂತಿದ್ದರು. ಗುಬ್ಬಿ ಒಳಗೆ ಬಂದಾಗ ಎಲ್ಲರೂ ಅವಳತ್ತ ನೋಡಿ ನಸುನಕ್ಕರು. ಆಮೇಲೆ ಒಬ್ಬೊಬ್ಬರೂ ಹತ್ತನೆಯ ಕುರ್ಚಿಯತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡರು. ಗುಬ್ಬಿ ಕಣ್ಣು ಕಣ್ಣು ಬಿಡುತ್ತಾ ನಿಂತಳು.

ಉಳಿದವೆಲ್ಲ ಪ್ಲಾಸ್ಟಿಕ್ ಕುರ್ಚಿಗಳು. ಹತ್ತನೆಯದು ಮರದ್ದು, ಬೆನ್ನಿಗೆ ಚಂದದ ಕೆತ್ತನೆ, ಕೂರುವಲ್ಲಿ ಬೆತ್ತದ ಹೆಣಿಗೆ. ಯಾರೂ ಕೂರದ ಆ ಒಳ್ಳೆಯ ಕುರ್ಚಿಗೆ ಎಲ್ಲರೂ ತಲೆ ಬಾಗಿಸುತ್ತಾರೆ ಎಂದರೆ ಅರ್ಥವಾಗದೇ ಇರುತ್ತದೆಯೇ? ದೇವರದ್ದು, ಇಲ್ಲವೇ ಇವರ ತೀರಿಹೋದ ಗುರುಗಳದ್ದು. ಗುಬ್ಬಿ ಅದಕ್ಕೊಂದು ಕೈಮುಗಿದು, ಹೋಗಿ ಚಪ್ಪಲಿಗಳ ಪಕ್ಕದ ಬೆಂಚಿನ ಮೇಲೆ ಕೂತಳು.

ಒಂದು ಗಂಟೆ ಯಾರೂ ಉಸಿರೆತ್ತಲಿಲ್ಲ. ಕೊನೆಗೆ, ಹೇಳಬೇಕೆನಿಸಿದವರು ಒಂದೊಂದು ಮಾತು ಹೇಳಿದರು. ಒಬ್ಬ ದಪ್ಪ ಮನುಷ್ಯ 'ಈ ವಾರ ಯಾರಿಗೂ ಬೈಲಿಲ್ಲ, ಒಬ್ಬನಿಗೆ ಬಿಟ್ಟು' ಎಂದ. ಅವನು ಬಸ್ ಓಡಿಸುವವನಂತೆ. ಯಾರೂ ನಗಲಿಲ್ಲ, ಬುದ್ಧಿಯೂ ಹೇಳಲಿಲ್ಲ, ಹೇಳಿದ್ದನ್ನು ಕೇಳಿಸಿಕೊಂಡರು. ಕೇಳಿಸಿಕೊಳ್ಳುವ ಆ ರೀತಿ ಕಂಡೇ ಗುಬ್ಬಿ ಬೆಂಚಿನ ಅಂಚಿಗೆ ಸರಿದು ಕೂತಳು. ಇಲ್ಲಿ ತನ್ನ ಸಾಲು ಹೇಳಬಹುದು ಅನ್ನಿಸಿತು. ಆದರೆ ದುಂಡಗೆ ಕೂತವರಷ್ಟೇ ಮಾತಾಡುತ್ತಿದ್ದರು, ಬೆಂಚಿನವಳಿಗೆ ಆ ಹಕ್ಕುಂಟೋ ಇಲ್ಲವೋ.

ಆಮೇಲೆ ಚಹಾ. ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಮುದುಕಿ, ಹಿಂದೆ ನರ್ಸ್ ಆಗಿದ್ದವಳು, ಎಲ್ಲರ ಬಾಯಲ್ಲೂ ಕೀಲಿಯಮ್ಮ, ಗುಬ್ಬಿಯ ಕೈಗೂ ಒಂದು ಲೋಟ ಕೊಟ್ಟಳು. ನಕ್ಕಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಮುಂದಿನ ವಾರ ಬಾ ಎನ್ನಲೂ ಇಲ್ಲ.

"ಒಳ್ಳೆಯವರೋ ಕಲ್ಲುಬಂಡೆಗಳೋ ಒಂದೂ ಗೊತ್ತಾಗ್ಲಿಲ್ಲ ಕಣೇ" ಎಂದಳು ಗುಬ್ಬಿ ಮನೆಗೆ ಬಂದು.

"ಹಾಗಾದ್ರೆ ಬಿಟ್ಬಿಡು."

"ಚಹಾ ಚೆನ್ನಾಗಿತ್ತು" ಎಂದಳು ಗುಬ್ಬಿ, ಬೇರೆ ಕಾರಣ ತೋಚದೆ.

ಎರಡನೆಯ ವಾರ, ಮೂರನೆಯ ವಾರ, ಅದೇ ಕತೆ. ಎಲ್ಲರೂ ಇವಳನ್ನು ನೋಡುವುದು, ಕುರ್ಚಿ ನೋಡುವುದು, ತಲೆ ತಗ್ಗಿಸುವುದು. ಇವಳು ಕುರ್ಚಿಗೆ ಕೈಮುಗಿದು ಬೆಂಚು ಹಿಡಿಯುವುದು. ಒಮ್ಮೊಮ್ಮೆ ಬಸ್ಸಿನವನು ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಕೀಲಿಯಮ್ಮ ಕಣ್ಣು ದೊಡ್ಡದು ಮಾಡಿದರೆ ಬಾಯಿ ಮುಚ್ಚುತ್ತಿದ್ದ. ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ, ಚಪ್ಪಲಿ ಎಡಕ್ಕೆ ಬಿಡಬೇಕಿತ್ತೇ ಎಂದು ಗುಬ್ಬಿ ತಲೆ ಕೆಡಿಸಿಕೊಂಡಳು. ಒಂದು ವಾರ ಎಡಕ್ಕೂ ಬಿಟ್ಟು ನೋಡಿದಳು.

ನಾಲ್ಕನೆಯ ವಾರ ಅವಳ ಕಣ್ಣಿಗೆ ಬಿದ್ದದ್ದು ಬೇರೆ. ಕುರ್ಚಿಯ ಬಲಮೂಲೆಯಲ್ಲಿ ಹೆಣಿಗೆ ಕಿತ್ತು, ನಡುಭಾಗ ಜೋತುಬಿದ್ದಿತ್ತು. ದೇವರ ಕುರ್ಚಿಗೆ ಈ ಗತಿಯೇ! ಒಂದು ಗಂಟೆ ಅವಳಿಗೆ ಧ್ಯಾನವೂ ಇಲ್ಲ, ಮಣ್ಣೂ ಇಲ್ಲ, ಎಷ್ಟು ಎಳೆ ಬೇಕು ಎಂಬ ಲೆಕ್ಕವೇ. ತಿಂಗಳುಗಟ್ಟಲೆ ಸೋಫಾ ರೆಕ್ಸಿನ್ ಹೊಲಿದು ಹೊಲಿದು ಬೇಸತ್ತ ಕೈಗೆ ಬೆತ್ತ ಮುಟ್ಟುವ ಆಸೆ ಹುಟ್ಟಿತು. ಚಹಾದ ಹೊತ್ತಿಗೆ ಧೈರ್ಯ ಮಾಡಿ ಕೀಲಿಯಮ್ಮನ ಹತ್ತಿರ ಹೋದಳು.

"ಆ ಕುರ್ಚಿ ಮನೆಗೆ ತಗೊಂಡ್ಹೋಗ್ಲಾ ಅಮ್ಮ? ಹೆಣೆದು ತರ್ತೀನಿ."

"ನನ್ನನ್ನೇನು ಕೇಳೋದು? ನಿಮ್ಮಿಷ್ಟ" ಎಂದಳು ಕೀಲಿಯಮ್ಮ.

ದೇವರ ಕುರ್ಚಿ ನನ್ನಿಷ್ಟವೇ? ಗುಬ್ಬಿಗೆ ತಲೆಬುಡ ತಿಳಿಯಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳಿದಳೋ, ಮಾತಿನ ರೀತಿಯೇ ಹಾಗೋ? ಕುರ್ಚಿ ಹೆಗಲಿಗೇರಿಸಿಕೊಂಡು ಮೂರು ಬೀದಿ ನಡೆದು, ನಾಲ್ಕು ಮಹಡಿ ಹತ್ತಿದಳು.

ಬಾಲ್ಕನಿಯಲ್ಲಿ ಎರಡು ವಾರ ಕೆಲಸ ನಡೆಯಿತು. ಹಳೆಯದನ್ನೆಲ್ಲ ಕತ್ತರಿಸಿ ತೆಗೆದಳು, ಬೆತ್ತ ನೆನೆಹಾಕಿದಳು, ಉದ್ದದ ಎಳೆ, ಅಡ್ಡದ ಎಳೆ, ಮತ್ತೆ ಉದ್ದ, ಮತ್ತೆ ಅಡ್ಡ. ಮೇಲಿನಿಂದ ಇಳಿಸಿ, ಬಗ್ಗಿ, ಕೆಳಗೆ ಕೈ ಹಾಕಿ ತಾನೇ ಎಳೆಯಬೇಕಿತ್ತು. ಪ್ರತಿ ಸಲ ಕೆಳಗೆ ಕೈ ಹಾಕಿದಾಗಲೂ ಅಲ್ಲಿ ಅಕ್ಕ ಇಲ್ಲ ಎಂದು ಹೊಸದಾಗಿ ಗೊತ್ತಾಗುತ್ತಿತ್ತು. ಓರೆ ಎಳೆ ಹಾಕುವಾಗ "ಕಂಡದ್ದು ಕೊಟ್ಟೆ" ಎಂದಳು. ಬಾಲ್ಕನಿಯಲ್ಲಿ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬೇರೆ ಸದ್ದಿಲ್ಲ. ಗುಬ್ಬಿ ಕುರ್ಚಿಯ ಕಾಲು ಹಿಡಿದುಕೊಂಡು ಅತ್ತಳು.

"ನೋಡು ಚಿಕ್ಕಮ್ಮ" ಎಂದಳು ಅಕ್ಕನ ಮಗಳು, ಪಕ್ಕ ಕೂತು. "ಆ ಜನ ನಿನ್ನನ್ನ ಇನ್ನೂ ಚಪ್ಪಲಿ ಹತ್ರಾನೇ ಕೂರಿಸಿದ್ದಾರೆ. ಕುರ್ಚಿ ಕೊಟ್ಟು ಬಂದ್ಬಿಡು. ಸಾಕು ಅಲೆದಿದ್ದು."

ಗುಬ್ಬಿಗೂ ಅದೇ ಸರಿ ಎನ್ನಿಸಿತು. ಇದೇ ಕೊನೆ. ಇಲ್ಲಿಯೂ ಆಗದಿದ್ದರೆ ಪ್ರಾರ್ಥನೆಯನ್ನೇ ಬಿಟ್ಟುಬಿಡುವುದು, ಎಷ್ಟೋ ಜನ ಅದಿಲ್ಲದೆಯೂ ಬದುಕುತ್ತಾರೆ.

ಮುಂದಿನ ಭಾನುವಾರ ಕುರ್ಚಿ ಹೊತ್ತು ಮೆಟ್ಟಿಲು ಹತ್ತಿದಾಗ ಒಂಬತ್ತು ಜನ ಕೂತಿದ್ದರು, ನಡುವೆ ಒಂದು ಕುರ್ಚಿಯಷ್ಟು ಜಾಗ ಖಾಲಿ. ಗುಬ್ಬಿ ಅಲ್ಲಿ ಕುರ್ಚಿ ಇಟ್ಟಳು. ಹೊಸ ಬೆತ್ತ ಬೆಣ್ಣೆಯ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಂಬತ್ತು ಮುಖವೂ ಅರಳಿತು. ಎಲ್ಲರೂ ಕುರ್ಚಿ ನೋಡಿದರು, ಇವಳನ್ನು ನೋಡಿದರು, ಕಾದರು. ಗುಬ್ಬಿ ಕುರ್ಚಿಗೆ ಕೈಮುಗಿದು ಬೆಂಚಿಗೆ ಹೋದಳು.

"ಅಯ್ಯೋ ದೇವ್ರೇ!" ಎಂದು ಬಸ್ಸಿನವನು ನರಳಿದ.

ಅಂದು ಒಂದು ಗಂಟೆ ಒಂದು ಯುಗವಾಯಿತು. ಕೀಲಿಯಮ್ಮ ಚಹಾ ತಂದಾಗ ಗುಬ್ಬಿ ಲೋಟ ಮುಟ್ಟಲಿಲ್ಲ.

"ನಾನಿನ್ನು ಬರಲ್ಲ ಅಮ್ಮ" ಎಂದಳು. "ಇಷ್ಟು ವಾರ ಆಯ್ತು. ಬಾ ಅಂತ ಹೇಳ್ಲಿಲ್ಲ, ಹೋಗ್ಲಿ. ಬರಬೇಡ ಅಂತಾನಾದ್ರೂ ಹೇಳ್ಬಹುದಿತ್ತಲ್ಲ? ನಿಮ್ಮ ದೇವರಿಗೆ ಕುರ್ಚಿ ಹೆಣೆದುಕೊಟ್ಟೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕೋಕಾಗ್ಲಿಲ್ವಾ?"

ಕೀಲಿಯಮ್ಮ ಲೋಟ ಕೆಳಗಿಟ್ಟಳು.

"ಯಾವ ದೇವರು?" ಎಂದಳು.

"ನನಗಿನ್ನು ತಡೆಯೋಕಾಗಲ್ಲ ಕೀಲಿಯಮ್ಮ, ನಿಯಮ ಹಾಳಾಗ್ಹೋಗ್ಲಿ" ಎಂದು ಬಸ್ಸಿನವನು ಎದ್ದೇಬಿಟ್ಟ. "ಅದು ನಿಮ್ಮ ಕುರ್ಚಿ ಕಣಮ್ಮಾ! ಹೊಸಬರಿಗೆ ಅಂತಾನೇ ಇಟ್ಟಿರೋದು. ಕೂತ್ಕೊಳ್ಳಿ ಅಂತ ನಾವು ಹೇಳೋ ಹಾಗಿಲ್ಲ, ಕಣ್ಣಲ್ಲಿ ತೋರಿಸ್ಬಹುದು ಅಷ್ಟೇ, ಅವರಾಗೇ ಬಂದು ಕೂರ್ಬೇಕು. ಯಾರನ್ನೂ ಕೈಹಿಡಿದು ಎಳೀಬಾರದು ಅಂತ ಇಲ್ಲಿನ ಪದ್ಧತಿ. ನಾನು ಬಂದ ದಿನ ಸುಸ್ತಾಗಿತ್ತು, ಧೊಪ್ಪಂತ ಕೂತೆ. ನೀವು ನೋಡಿದ್ರೆ ಕೈಮುಗೀತೀರಿ!"

"ನೀವು ದೂರ ಕೂರೋದೇ ಇಷ್ಟಪಡ್ತೀರಿ ಅಂದ್ಕೊಂಡ್ವಿ" ಎಂದಳು ಕೀಲಿಯಮ್ಮ, ಮುಖ ಕೆಂಪಾಗಿತ್ತು. "ಇವನು ಬಂದು ಎರಡು ವರ್ಷ ಆಯ್ತು. ಆಮೇಲೆ ಯಾರೂ ಬಂದಿಲ್ಲ. ಅದು ಕಿತ್ತುಹೋಗಿದ್ದೂ ನಾವು ನೋಡಿರ್ಲಿಲ್ಲ."

ಗುಬ್ಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವಾರ ತನ್ನ ಕುರ್ಚಿಗೆ ತಾನೇ ಕೈಮುಗಿದಿದ್ದಳು. ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು, ಇಂಥ ಪದ್ಧತಿ ಇಟ್ಟುಕೊಂಡವರಿಗೆ ನಾಲ್ಕು ಬೈಯಬೇಕು ಎನ್ನಿಸಿತು. ಬೈಯಲಿಲ್ಲ. ಹೋಗಿ ಕೂತಳು. ಬಿಗಿಯಾದ ಹೊಸ ಬೆತ್ತ ಕಿರ್ ಎಂದಿತು.

ಚಹಾ ಹಾಗೇ ಬಿಟ್ಟು ಎಲ್ಲರೂ ಮತ್ತೆ ಬಂದು ಕೂತರು, ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಗುಬ್ಬಿ ಬಾಯಿ ತೆರೆದಳು. ಮೊದಲ ಸಾಲು ಹೇಳಬೇಕೆಂದಿದ್ದಳು, ಬಂದದ್ದು ಕೊನೆಯದು.

"ಕೈಯಲ್ಲಿದ್ದದ್ದು ಕೊಟ್ಟೆ."

ಕೋಣೆ ಸುಮ್ಮನಿತ್ತು. ಮನೆಯ ಗೋಡೆಯಷ್ಟೇ ಸುಮ್ಮನೆ.

ಬಸ್ಸಿನವನು ಒಂದು ಕಣ್ಣು ತೆರೆದ. "ಮುಂದೆ?"

"ಮುಂದಿಂದು ನಾನು ಹೇಳೋದಲ್ಲ. ಕೇಳ್ತಿರೋರು ಹೇಳ್ಬೇಕು. ನನ್ನಕ್ಕ ಹೇಳ್ತಿದ್ಲು."

"ನಾವು ಹೇಳ್ತೀವಿ" ಎಂದಳು ಕೀಲಿಯಮ್ಮ. "ಏನಂತ ಹೇಳ್ಕೊಡಿ."

ಇದನ್ನು ಗುಬ್ಬಿ ಯೋಚಿಸಿಯೇ ಇರಲಿಲ್ಲ. ಉತ್ತರ ಕೊಡುವವರು ಸಿಕ್ಕರೆ ಸಾಕು ಎಂದು ಊರೆಲ್ಲ ಅಲೆದಿದ್ದಳು. ಆ ಉತ್ತರವನ್ನು ಅವರ ಬಾಯಿಗೆ ಇಡಬೇಕಾದವಳು ತಾನೇ ಎಂದು ಹೊಳೆದಿರಲಿಲ್ಲ. ಕುರ್ಚಿಯ ಅಂಚಿನಿಂದ ಬೆರಳು ಕೆಳಗೆ ಇಳಿಸಿದಳು. ಅಲ್ಲಿ ಎಳೆಗಳು ತಿರುಗಿ ಮೇಲೆ ಹೋಗುವ ಜಾಗ ಸಿಕ್ಕಿತು, ಅಕ್ಕನ ಜಾಗ. ಈ ಸಲ ಅಲ್ಲಿ ಎಳೆದು ಬಿಗಿದದ್ದು ತನ್ನದೇ ಕೈ.

ಆ ಎಳೆಯನ್ನು ಒಮ್ಮೆ ಒತ್ತಿ ನೋಡಿದಳು. ಆಮೇಲೆ ಅಕ್ಕನ ಸಾಲು ಹೇಳಿದಳು.

"ಕೈ ಜಾರಿದ್ದೂ ಕೊಟ್ಟೆ."

ಒಂಬತ್ತು ದನಿಗಳು ಹಿಂದೆಮುಂದೆಯಾಗಿ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಅದನ್ನೇ ಹೇಳಿದವು. ಉಳಿದವರೆಲ್ಲ ಮುಗಿಸಿದ ಮೇಲೆ ಬಸ್ಸಿನವನದ್ದು ಒಂದೇ ಉಳಿದಿತ್ತು, ಅವನೂ ಮುಗಿಸಿದ.

"ಸರಿಯಾಯ್ತಾ?" ಎಂದು ಕೇಳಿದಳು ಕೀಲಿಯಮ್ಮ.

"ಇಲ್ಲ" ಎಂದಳು ಗುಬ್ಬಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಇನ್ನೊಂದ್ಸಲ ಹೇಳಿ."